ಮೂವತ್ತೆಂಟು ಪೆಟ್ಟಿಗೆಗಳು

ಸೂಟ್‌ಕೇಸಿಗೆ ಇಪ್ಪತ್ತಮೂರು ಕಿಲೋ, ಕೈಚೀಲಕ್ಕೆ ಏಳು ಕಿಲೋ ಎಂದು ವಿಮಾನದ ಟಿಕೇಟಿನಲ್ಲಿ ಬರೆದಿತ್ತು. ಟೈಲರಮ್ಮ ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೆಯ ಸಲವೂ ಓದಿದಳು. ಬರೆದದ್ದು ಬದಲಾಗಲಿಲ್ಲ. ನಾಲ್ಕು ವರ್ಷಕ್ಕೆಂದು ಪರದೇಶಕ್ಕೆ ಹೋಗುವವಳಿಗೆ ಒಟ್ಟು ಮೂವತ್ತು ಕಿಲೋ. ಅವಳ ಅಂಗಡಿಯ ಕತ್ತರಿಗಳನ್ನಷ್ಟೇ ತೂಗಿದರೂ ಆರು ಕಿಲೋ ಆಗುತ್ತಿತ್ತು.

ಅವಳಿಗೆ ಐವತ್ತೊಂದು. ಇಪ್ಪತ್ತೇಳು ವರ್ಷ ಒಂದೇ ಬೀದಿಯ ಒಂದೇ ಅಂಗಡಿಯಲ್ಲಿ ಕೂತು ಹೊಲಿದವಳು. ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಮದುವೆಯ ಮಾತು ಒಂದೆರಡು ಸಲ ಬಂದಿತ್ತು, ಬಂದ ದಾರಿಯಲ್ಲೇ ಹೋಗಿತ್ತು. ಅರ್ಧ ಊರಿನ ಮದುವೆಗೆ ಬಟ್ಟೆ ಹೊಲಿದವಳು ತಾನು ಮಾತ್ರ ಹಾಗೇ ಉಳಿದಳು ಎಂದು ಗಿರಾಕಿಗಳು ಆಡಿಕೊಂಡರೆ ಅವಳೂ ಕೇಳಿಸಿಕೊಂಡು ನಗುತ್ತಿದ್ದಳು. ಆಮೇಲೆ ಬೀದಿಯ ಎರಡೂ ತುದಿಗೆ ಸಿದ್ಧ ಉಡುಪಿನ ದೊಡ್ಡ ಅಂಗಡಿಗಳು ಬಂದವು. ಹೊಸ ಬಟ್ಟೆ ಹೊಲಿಸುತ್ತಿದ್ದವರು ಜಿಪ್ಪು ಹಾಕಿಸಲು, ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಮಾತ್ರ ಬರತೊಡಗಿದರು. ಕೊನೆಗೆ ಅದಕ್ಕೂ ಬರುವವರಿಲ್ಲದೆ ಅವಳು ಮಧ್ಯಾಹ್ನ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆ ಮಾಡುವಂತಾಯಿತು. ಅಂಥ ಹೊತ್ತಿನಲ್ಲಿ, ಮದುವೆಯ ಗೌನುಗಳಿಗೆ ಕೈಯಲ್ಲೇ ಮಣಿ ಕೂರಿಸುವ ಪರದೇಶದ ಕಾರ್ಖಾನೆಯೊಂದರವರು ಕೈಕೆಲಸ ಬಲ್ಲ ಹೆಂಗಸರನ್ನು ಹುಡುಕುತ್ತ ಬಂದರು. ಪರೀಕ್ಷೆಗೆ ನಲವತ್ತು ಜನ ಕೂತಿದ್ದರು. ಒಂದು ಗೇಣು ರೇಷ್ಮೆಯ ಅಂಚಿಗೆ, ಹಿಂಬದಿಯಲ್ಲಿ ಹೊಲಿಗೆ ಕಾಣದಂತೆ ಮಣಿ ಕೂರಿಸಬೇಕು. ಆರಿಸಿದ್ದು ಮೂವರನ್ನು, ಅವರಲ್ಲಿ ವಯಸ್ಸಾದವಳು ಇವಳೊಬ್ಬಳೇ.

ಅಂಗಡಿ ಖಾಲಿ ಮಾಡುವುದೆಂದರೆ ಏನೆಂಬುದು ಅವಳಿಗೆ ಬೀಗ ತೆಗೆದು ಒಳಗೆ ನಿಂತಾಗ ಗೊತ್ತಾಯಿತು. ಒಂದು ಗೋಡೆ ಪೂರ್ತಿ ತುಂಡುಬಟ್ಟೆ. ಗಿರಾಕಿಗಳು ತಂದ ಬಟ್ಟೆಯಲ್ಲಿ ಉಳಿದ ಅರ್ಧ ಮೀಟರು, ಕಾಲು ಮೀಟರು, ಕೈಯಗಲದ ಚೂರುಗಳು, ಬಣ್ಣಬಣ್ಣದ್ದಾಗಿ ಕಟ್ಟಿಟ್ಟಿದ್ದವು. 'ಇದಕ್ಕೊಂದು ಕಾಲರ್ ಆದೀತು', 'ಇದು ಮಗುವಿನ ಅಂಗಿಗೆ ಸಾಕು' ಎನ್ನುತ್ತ ಇಟ್ಟದ್ದು. ಅಳತೆಯ ಕಾಗದಗಳ ಸುರುಳಿಗಳಿದ್ದವು. ಆ ಅಳತೆ ಕೊಟ್ಟವರಲ್ಲಿ ಎಷ್ಟೋ ಜನ ಈಗ ಬದುಕಿಲ್ಲ, ಬದುಕಿದ್ದವರಿಗೆ ಆ ಸೊಂಟವಿಲ್ಲ. ಗುಂಡಿಗಳು ಜಾಡಿಗಟ್ಟಲೆ. ಹೊಲಿಸಲು ಕೊಟ್ಟು ಒಯ್ಯಲು ಬಾರದವರ ಬಟ್ಟೆಗಳೇ ಒಂದು ಕಪಾಟು. ಮೂರು ಹೊಲಿಗೆ ಯಂತ್ರಗಳಲ್ಲಿ ಓಡುತ್ತಿದ್ದದ್ದು ಒಂದು. ಮನೆಯೊಳಗೆ ಹೋದರೆ ಅಮ್ಮ ಬಿಟ್ಟುಹೋದ ಪಾತ್ರೆಗಳು, ಅಮ್ಮನಿಗೆ ಅವಳ ಅಮ್ಮ ಬಿಟ್ಟುಹೋದ ಪಾತ್ರೆಗಳು, ಕಾಲು ಮುರಿದ ಕುರ್ಚಿ, ಎಂಟು ಕೊಡೆ. ಒಬ್ಬಳೇ ಇದ್ದ ಮನೆಗೆ ಎಂಟು ಕೊಡೆ ಎಲ್ಲಿಂದ ಬಂದವೆಂದು ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಅಕ್ಕ ಬಂದಳು, ಜೊತೆಗೆ ಭಾವನೂ. ಅಕ್ಕನಿಗೆ ಐವತ್ತೆಂಟು, ಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಪುಸ್ತಕ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವಳು, ಮನೆಯಲ್ಲಿ ಬೇಡದ ಒಂದು ಚಮಚವನ್ನೂ ಇಟ್ಟುಕೊಳ್ಳದವಳು. ಭಾವ ಲಿಫ್ಟ್ ರಿಪೇರಿಯವನಾಗಿದ್ದ. ಆರು ವರ್ಷದ ಹಿಂದೆ ಕೆಲಸದಲ್ಲಿದ್ದಾಗ ಎರಡು ಮಹಡಿ ಕೆಳಗೆ ಬಿದ್ದು ಸೊಂಟದ ಕೀಲು ಮುರಿದುಕೊಂಡ. ಅಂದಿನಿಂದ ನಾಲ್ಕು ಕಾಲಿನ ವಾಕರ್ ಹಿಡಿದೇ ನಡೆಯುತ್ತಿದ್ದ. ಕೈಕಾಲಿನ ಶಕ್ತಿಯೆಲ್ಲ ಇಳಿದು ನಾಲಿಗೆಗೆ ಬಂದಿದೆ ಎಂದು ಅಕ್ಕ ಅವನನ್ನು ಹಂಗಿಸುತ್ತಿದ್ದಳು. ಅವನು ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾದಿನಿಯವರು ಬಟ್ಟೆ ಹೊಲಿದದ್ದಕ್ಕಿಂತ ಕೂಡಿಟ್ಟದ್ದೇ ಹೆಚ್ಚು ಎಂದು ಶುರುಮಾಡಿದ.

ಅಕ್ಕ ಮೂರು ಗುಂಪು ಮಾಡಿದಳು: ಒಯ್ಯುವುದು, ಕೊಡುವುದು, ಎಸೆಯುವುದು. ಮಧ್ಯಾಹ್ನದ ಹೊತ್ತಿಗೆ ಎಸೆಯುವ ಗುಂಪಿನಲ್ಲಿ ಇದ್ದದ್ದು ಒಂದು ಹಳೆಯ ಪೊರಕೆ, ಕೊಡುವ ಗುಂಪಿನಲ್ಲಿ ಎರಡು ಕೊಡೆ. ಅಕ್ಕ ಯಾವುದನ್ನು ಎತ್ತಿದರೂ ಟೈಲರಮ್ಮ ಅದರ ಕತೆ ಹೇಳಿ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದಳು. ಹಸಿರು ಉಣ್ಣೆಯ ಕೋಟೊಂದು ಸಿಕ್ಕಿತು. ಹೊಲಿಸಿದವರು ಹನ್ನೊಂದು ವರ್ಷದಿಂದ ಒಯ್ಯಲು ಬಂದಿರಲಿಲ್ಲ.

"ಇದು ಯಾರದ್ದು ಪುಟ್ಟಿ?" ಎಂದಳು ಅಕ್ಕ.

"ಅಂಚೆ ಕಚೇರೀಲಿದ್ರಲ್ಲ, ಅವರದ್ದು. ವರ್ಗ ಆಗಿ ಹೋದ್ರು."

"ಹನ್ನೊಂದು ವರ್ಷ ಆಯ್ತು ಅಂತೀಯ. ಇನ್ನು ಬರ್ತಾರಾ?"

"ಬಂದ್ರೆ?"

ಅಕ್ಕ ಕೋಟನ್ನು ಮಡಿಸಿ ಅವಳ ಕೈಗೆ ಕೊಟ್ಟು ಹಣೆ ಒರೆಸಿಕೊಂಡಳು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಇಬ್ಬರೂ ಸೇರಿ, ಬಿಚ್ಚಿದ ಹೊಲಿಗೆ ಯಂತ್ರಗಳನ್ನೂ ಬಿಡದೆ, ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದರು. ಪ್ರತಿ ಪೆಟ್ಟಿಗೆಯ ಮೇಲೂ ಟೈಲರಮ್ಮ ದಪ್ಪ ಪೆನ್ನಿನಲ್ಲಿ ಏನಿದೆಯೆಂದು ಬರೆದಳು: ಬಿಳಿ ಲೈನಿಂಗ್, ಪರದೆ ಬಟ್ಟೆ, ಗುಂಡಿ ದೊಡ್ಡವು, ಗುಂಡಿ ಸಣ್ಣವು, ಇತರೆ. 'ಇತರೆ' ಎಂದು ಬರೆದದ್ದೇ ಒಂಬತ್ತು ಪೆಟ್ಟಿಗೆ ಆದವು.

ಇವನ್ನೆಲ್ಲ ಇಡುವುದೆಲ್ಲಿ ಎಂಬ ಮಾತು ಬಂತು. ಅಕ್ಕ ಪೆಟ್ಟಿಗೆಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಅವಳ ಮನೆ ಉದ್ದಕ್ಕೆ ರೈಲುಡಬ್ಬಿಯಂತಿತ್ತು. ಬೀದಿಗೆ ಹಜಾರ, ಅದರ ಹಿಂದೆ ಮಲಗುವ ಕೋಣೆ, ಅಡುಗೆಮನೆ, ಅಲ್ಲಿಂದ ಹಿಂಬಾಗಿಲಿಗೆ ಒಂದು ಕಿರಿದಾದ ಪ್ಯಾಸೇಜು, ಪ್ಯಾಸೇಜಿನ ಮಧ್ಯೆ ಬಚ್ಚಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿರಬೇಕು. ಅಷ್ಟರಲ್ಲಿ ಭಾವ ಬಾಯಿ ಹಾಕಿದ.

"ನಮ್ಮನೇಲಿ ಇಡೋಣ ಬಿಡಿ. ಆ ಪ್ಯಾಸೇಜು ಸುಮ್ನೆ ಖಾಲಿ ಬಿದ್ದಿದೆ. ನಾಲ್ಕು ವರ್ಷ ಏನು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಆಗೋಗತ್ತೆ."

ಅಕ್ಕ ಗಂಡನ ಮುಖ ನೋಡಿದಳು. ಅವನು ಬೇಕೆಂದೇ ಅವಳತ್ತ ನೋಡಲಿಲ್ಲ. ಟೈಲರಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬಾಡಿಗೆ ವ್ಯಾನಿನಲ್ಲಿ ಆ ಸಂಜೆಯೇ ಇಪ್ಪತ್ತಾರು ಪೆಟ್ಟಿಗೆ ಸಾಗಿದವು. ಪ್ಯಾಸೇಜಿನ ಒಂದು ಬದಿಗೆ ತಲೆಯೆತ್ತರಕ್ಕೆ ಜೋಡಿಸಿದ ಮೇಲೆ ಭಾವ ತನ್ನ ವಾಕರ್ ಹಿಡಿದು ಹಿಂಬಾಗಿಲಿನ ತನಕ ಹೋಗಿ ಬಂದು, ಇನ್ನೂ ನಾಲ್ಕು ಬೆರಳು ಜಾಗ ಉಳಿದಿದೆ ಎಂದು ಘೋಷಿಸಿದ.

ಆದರೆ ಸಾಮಾನು ಅಲ್ಲಿಗೆ ಮುಗಿಯಲಿಲ್ಲ. ಹೊರಡುವ ಹಿಂದಿನ ದಿನ ಅಂಗಡಿಯ ಅಟ್ಟ ನೋಡಿದರೆ ಮೇಲೆ ಇನ್ನೂ ಇತ್ತು. ಮತ್ತೆ ಹನ್ನೆರಡು ಪೆಟ್ಟಿಗೆ. ಅವಳಿಗೆ ಕುತ್ತಿಗೆಗೆ ಬಂದಿತ್ತು, ವಿಂಗಡಿಸುವಷ್ಟು ಹೊತ್ತಿರಲಿಲ್ಲ. ಅಕ್ಕನಿಗೆ ಫೋನು ಮಾಡಿ, ಇನ್ನು ಹನ್ನೆರಡೇ ಹನ್ನೆರಡು, ಕಳಿಸುತ್ತಿದ್ದೇನೆ ಎಂದಳು. ಅಕ್ಕ ಹನ್ನೆರಡಾ ಎಂದು ಕೇಳಿದಳು. ಆಮೇಲೆ, ಆಯ್ತು ಕಳ್ಸು ಎಂದಳು. ಆ ಹನ್ನೆರಡನ್ನು ಎಲ್ಲಿಟ್ಟರೆಂದು ಅವಳು ನೋಡಲಿಲ್ಲ. ಅವು ಹಿಂಬಾಗಿಲಿನ ಪಕ್ಕದಿಂದ ಬಚ್ಚಲಿನ ಬಾಗಿಲ ತನಕ, ಪ್ಯಾಸೇಜಿನ ಇನ್ನೊಂದು ಬದಿಗೆ ನಿಂತವು.

ಕೊನೆಗೆ ಮೂವತ್ತು ಕಿಲೋದಲ್ಲಿ ಅವಳು ಒಯ್ದದ್ದು ಬಟ್ಟೆಬರೆ, ಔಷಧಿ, ಎರಡು ಕತ್ತರಿ, ಬೆರಳಿಗೆ ಹಾಕುವ ಅಂಗುಸ್ತಾನ ಮತ್ತು ಚಳಿಗೆಂದು ಒಂದು ಕಂಬಳಿ. ಕಂಬಳಿ ಅಲ್ಲಿ ಬೇಕಾಗಲಿಲ್ಲ.

ಪರದೇಶದಲ್ಲಿ ಅವಳಿಗೆ ಕೊಟ್ಟ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ತಲೆಗೊಂದು ಮೊಳೆಸಾಲು, ತಲೆಗೊಂದು ಮೊಳದಷ್ಟು ಉದ್ದದ ಹಲಗೆ. ಜೊತೆಗಿದ್ದವಳು ಇನ್ನೊಂದು ದೇಶದ ವಿಧವೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು; ಕೈಸನ್ನೆಯಲ್ಲೇ ಚೆನ್ನಾಗಿ ನಡೆಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಎರಡನೆಯ ಮಹಡಿ, ಬಿಳಿ ದೀಪದ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಯಾರದೋ ಮದುವೆಯ ಬಿಳಿ ರೇಷ್ಮೆ. ಮೊದಲ ತಿಂಗಳು ಬೆನ್ನು ಮುರಿದುಹೋಯಿತು, ಎರಡನೆಯ ತಿಂಗಳು ಒಗ್ಗಿತು. ಒಂದು ದಿನ ಹಲಗೆಯ ಮೇಲಿದ್ದ ತನ್ನ ಮಡಿಸಿದ ಬಟ್ಟೆ, ಬಾಚಣಿಗೆ, ಕನ್ನಡಕದ ಡಬ್ಬಿಯನ್ನು ನೋಡಿ ಅವಳಿಗೆ ವಿಚಿತ್ರವೆನಿಸಿತು: ಇಷ್ಟರಲ್ಲೇ ದಿನ ಹೋಗುತ್ತಿತ್ತು. ಏನೂ ಕಡಿಮೆ ಬಿದ್ದಿರಲಿಲ್ಲ.

ಇನ್ನೊಂದು ದಿನ ಮಲಗಿಕೊಂಡು, ಅಕ್ಕನ ಮನೆಯ ಪೆಟ್ಟಿಗೆಗಳಲ್ಲಿ ಏನೇನಿದೆಯೆಂದು ನೆನಪಿಸಿಕೊಳ್ಳಲು ನೋಡಿದಳು. ಹದಿನಾಲ್ಕರ ತನಕ ಬಂದು ನಿಂತಿತು. ಉಳಿದ ಇಪ್ಪತ್ತನಾಲ್ಕರಲ್ಲಿ ಏನಿದೆಯೋ ಗೊತ್ತಿಲ್ಲ. ಎಲ್ಲ ಕೊಟ್ಟುಬಿಡು ಎಂದು ಅಕ್ಕನಿಗೆ ಹೇಳಬೇಕು ಎಂದುಕೊಂಡಳು. ಹೇಳುವುದಕ್ಕೆ ನಾಚಿಕೆಯಾಯಿತು. ಅಷ್ಟು ಹಟ ಮಾಡಿ, ಅಷ್ಟು ಕತೆ ಹೇಳಿ, ಅವಳ ಮನೆಯ ದಾರಿಗೆ ಅಡ್ಡ ಒಟ್ಟಿ ಬಂದವಳು ಎಂಟೇ ತಿಂಗಳಿಗೆ ಬೇಡ ಎಂದರೆ ಅಕ್ಕ ಏನೆಂದುಕೊಂಡಾಳು? ಈ ವಾರ, ಮುಂದಿನ ವಾರ ಎನ್ನುತ್ತ ದೂಡಿದಳು.

ಒಂಬತ್ತನೆಯ ತಿಂಗಳು ಅಕ್ಕನೇ ಮಾತು ತೆಗೆದಳು. ಪ್ರತಿ ಭಾನುವಾರ ಫೋನಿನಲ್ಲಿ ಹವೆ, ಮೈಕೈ ನೋವು, ಶಾಲೆಯ ಸುದ್ದಿ ಆದಮೇಲೆ ಫೋನಿಡುವುದು ರೂಢಿ. ಆ ದಿನ ಎಲ್ಲ ಆದಮೇಲೂ ಅಕ್ಕ ಫೋನಿಡಲಿಲ್ಲ.

"ಪುಟ್ಟಿ, ಒಂದು ಮಾತು. ಆ ಪ್ಯಾಸೇಜಲ್ಲಿ ಇವರ ವಾಕರ್ ಹೋಗ್ತಿಲ್ಲ. ಬಚ್ಚಲಿಗೆ ಹೋಗೋವಾಗ ವಾಕರ್ ಅಡುಗೆಮನೇಲೇ ಬಿಟ್ಟು ಪೆಟ್ಟಿಗೆ ಹಿಡ್ಕೊಂಡು ಹೋಗ್ತಾರೆ. ಒಂದಷ್ಟು ಯಾರಿಗಾದ್ರೂ ಕೊಟ್ಟುಬಿಡ್ಲಾ? ಶಾಲೇಲಿ ಮಕ್ಕಳ ನಾಟಕಕ್ಕೆ ಬಟ್ಟೆ ಕೇಳ್ತಿದ್ರು."

ಹೂಂ ಎನ್ನುವುದಷ್ಟೇ ಬಾಕಿ ಇತ್ತು. ತಿಂಗಳಿಂದ ತಾನೇ ಹೇಳಬೇಕೆಂದಿದ್ದ ಮಾತು ಅದು. ಆದರೆ ಇನ್ನೊಬ್ಬರು ತನ್ನ ಪೆಟ್ಟಿಗೆಯ ಹಗ್ಗ ಬಿಚ್ಚುವುದನ್ನು, ಮಕ್ಕಳು ರೇಷ್ಮೆಯ ಚೂರುಗಳನ್ನು ಎಳೆದಾಡುವುದನ್ನು ನೆನೆದೊಡನೆ ಅವಳಿಗೆ ಮತ್ತೆ ಹಟ ಬಂತು.

"ನೀನು ಮುಟ್ಟಬೇಡಕ್ಕ. ಯಾವುದು ಎಲ್ಲಿದೆ ನಿಂಗೆ ಗೊತ್ತಾಗಲ್ಲ. ರಜಕ್ಕೆ ಬಂದಾಗ ನಾನೇ ನೋಡ್ತೀನಿ."

"ರಜ ಯಾವಾಗ?"

"ಎರಡು ವರ್ಷ ಆದ್ಮೇಲೆ ಕೊಡ್ತಾರಂತೆ."

"ಸರಿ," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದಿನಿಂದ ಭಾವ, ನಾದಿನಿಯವರಿಗೆ ನನ್ನ ಸಲಾಮು ಹೇಳು ಎಂದು ಕೂಗಿದ್ದು ಕೇಳಿಸಿತು.

ಇದಾಗಿ ಐದು ವಾರಕ್ಕೆ, ಒಂದು ಬುಧವಾರ, ಕಾರ್ಖಾನೆಯಲ್ಲಿ ಬೆಳಗಿನ ಚಹಾ ವಿರಾಮದ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು; ಊರಿನಲ್ಲಿ ಆಗ ಸಂಜೆ ನಾಲ್ಕು. ಮಾತಾಡಿದ್ದು ಅಕ್ಕನ ಮನೆಯ ಹಿಂದುಗಡೆ ಇದ್ದ ಮೇಷ್ಟ್ರು, ಅಕ್ಕನ ಶಾಲೆಯಲ್ಲೇ ಪಾಠ ಹೇಳಿ ನಿವೃತ್ತರಾದವರು. ಅವರು ಮೊದಲು ಅವಳ ಆರೋಗ್ಯ ವಿಚಾರಿಸಿದರು. ಅಕ್ಕನ ಮನೆಗೆ ಬೆಂಕಿ ಬಿದ್ದಿದೆ ಎಂದರು. ಅಕ್ಕ ಶಾಲೆಯಲ್ಲಿದ್ದಳು, ಅವಳಿಗೇನೂ ಆಗಿಲ್ಲ ಎಂದರು. ಆಮೇಲೆ, ಯಜಮಾನರು ಉಳಿಯಲಿಲ್ಲಮ್ಮ ಎಂದರು.

ಅವಳು ಅಂದೇ ಹೊರಡಲು ನೋಡಿದಳು. ಮೇಲ್ವಿಚಾರಕಿ ಕೆಟ್ಟವಳಲ್ಲ, ಕುಳ್ಳಿರಿಸಿ ನೀರು ಕೊಟ್ಟಳು, ಬೆನ್ನು ಸವರಿದಳು, ಆಮೇಲೆ ನಿಯಮದ ಹಾಳೆ ತೋರಿಸಿದಳು. ಸಾವಿನ ರಜೆ ತಂದೆ, ತಾಯಿ, ಗಂಡ, ಮಕ್ಕಳಿಗೆ. ಅಕ್ಕನ ಗಂಡ ಆ ಪಟ್ಟಿಯಲ್ಲಿ ಇರಲಿಲ್ಲ. ಮೇಲಾಗಿ ಅದು ಮದುವೆಗಳ ಕಾಲ, ಮೇಜಿನ ತುಂಬ ಬಿಳಿ ಗೌನುಗಳು. ಆರು ವಾರ ಆದಮೇಲೆ ಹತ್ತು ದಿನ ಬಿಟ್ಟರು. ಆ ಆರು ವಾರ ಅವಳು ದಿನವೂ ಮಣಿ ಕೂರಿಸಿದಳು, ಒಂದೂ ತಪ್ಪಲಿಲ್ಲ. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ ಎನ್ನುವುದು ಅವಳಿಗೆ ಆಗ ತಿಳಿಯಿತು. ಅಕ್ಕನಿಗೆ ಫೋನು ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಬೆಂಕಿ ಹೇಗೆ ಹತ್ತಿತು, ಅವನು ಎಲ್ಲಿದ್ದ ಎಂದು ಟೈಲರಮ್ಮ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಅಕ್ಕ ಶಾಲೆಯ ಹತ್ತಿರ, ಪುಸ್ತಕ ಪೆನ್ನು ಮಾರುವ ಅಂಗಡಿಯೊಂದರ ಮೇಲಿನ ಒಂಟಿ ಕೋಣೆಯಲ್ಲಿದ್ದಳು. ಟೈಲರಮ್ಮ ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಆರು ವಾರದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ತಂಗಿ ತಬ್ಬಿಕೊಂಡಾಗ ತಬ್ಬಿಸಿಕೊಂಡಳು. ಅವಳ ಕೈ ಮಾತ್ರ ಮೇಲೇಳಲಿಲ್ಲ. ಕುಡಿಯಲು ನೀರು ಕೊಟ್ಟು, ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದು ಅವಳ ಮುಂದಿಟ್ಟಳು.

"ನಿನ್ನ ಸಾಮಾನೆಲ್ಲ ಹಾಗೇ ಇದೆ," ಎಂದಳು. "ಒಂದೂ ಸುಟ್ಟಿಲ್ಲ. ಮನೆ ಮಾಲೀಕ ಕೆಡವಿಸ್ತಾನಂತೆ, ಅಷ್ಟರೊಳಗೆ ತಗೊಂಡು ಹೋಗು."

ಟೈಲರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಲೋಟ ಕೆಳಗಿಟ್ಟಳು. ಇಲ್ಲಿ ಮಲಗುವುದಕ್ಕೆ ಜಾಗವಿಲ್ಲ, ಮೇಷ್ಟ್ರ ಹೆಂಡತಿಗೆ ಹೇಳಿದ್ದೇನೆ, ಅವರಲ್ಲಿ ಇರು ಎಂದು ಅಕ್ಕ ಗೋಡೆಯ ಕಡೆ ನೋಡುತ್ತ ಹೇಳಿದಳು. ಕೋಣೆಯಲ್ಲಿ ಇನ್ನೊಂದು ಚಾಪೆ ಹಾಸುವಷ್ಟು ಜಾಗ ಧಾರಾಳವಾಗಿತ್ತು.

ಹಜಾರ ಪೂರ್ತಿ ಕರಕಲಾಗಿತ್ತು. ಬೀದಿ ಬಾಗಿಲಿನ ಮೇಲಿದ್ದ ಕರೆಂಟಿನ ಪೆಟ್ಟಿಗೆಯಲ್ಲಿ ಕಿಡಿ ಹುಟ್ಟಿದ್ದು, ಪರದೆಗೆ ತಗುಲಿ, ಸೋಫಾಕ್ಕೆ ಹತ್ತಿದ್ದು. ಮಲಗುವ ಕೋಣೆಯ ಬಾಗಿಲು ಅರ್ಧ ಸುಟ್ಟು ನಿಂತಿತ್ತು, ಒಳಗೆ ಹಾಸಿಗೆ, ಕಪಾಟು ಬೂದಿಯಾಗಿದ್ದವು. ಅಡುಗೆಮನೆಗೆ ಬೆಂಕಿ ಬಂದೇ ಇರಲಿಲ್ಲ. ಹೊಗೆ ಬಂದಿತ್ತು, ಗೋಡೆಯೆಲ್ಲ ಮಸಿ. ಅಲ್ಲಿ ಒಲೆಯ ಪಕ್ಕ ಭಾವನ ವಾಕರ್ ನೆಟ್ಟಗೆ ನಿಂತಿತ್ತು, ಯಾರೋ ಈಗಷ್ಟೇ ಬಿಟ್ಟು ಒಳಗೆ ಹೋದ ಹಾಗೆ. ಅದರಾಚೆ ಪ್ಯಾಸೇಜು. ಒಂದು ಬದಿಯ ಪೆಟ್ಟಿಗೆಗಳು ಮಸಿ ಹಿಡಿದು, ಕೆಳಗಿನವು ಅಗ್ನಿಶಾಮಕದವರ ನೀರಿಗೆ ಉಬ್ಬಿ, ಸಾಲಾಗಿ ನಿಂತಿದ್ದವು. ಮಸಿಯ ಕೆಳಗೆ ಅವಳದೇ ಅಕ್ಷರ ಕಾಣುತ್ತಿತ್ತು: ಗುಂಡಿ ಸಣ್ಣವು. ಇತರೆ. ಹಿಂಬಾಗಿಲಿನ ಹತ್ತಿರದ ಹನ್ನೆರಡು ಮಾತ್ರ ಜಾಗದಲ್ಲಿರಲಿಲ್ಲ. ಎಳೆದು ಹಿತ್ತಿಲಿಗೆ ಎಸೆದಿದ್ದರು.

ಉಳಿದದ್ದನ್ನು ಮೇಷ್ಟ್ರು ಹೇಳಿದರು. ಅವಳು ಎರಡು ದಿನ ಅವರ ಮನೆಯಲ್ಲಿ ಉಂಡು ಮಲಗಿದ ಮೇಲೆ, ಹಿತ್ತಿಲಲ್ಲಿ ಅವಳು ಪೆಟ್ಟಿಗೆ ಬಿಚ್ಚುತ್ತಿದ್ದಾಗ ಬಂದು ಕಲ್ಲಿನ ಮೇಲೆ ಕೂತರು. ಹೇಳಲೋ ಬೇಡವೋ ಎಂದು ಕೇಳಿದರು. ಹೇಳಿ ಎಂದಳು.

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಹೊಗೆ ನೋಡಿ ಅವರು ಓಡಿ ಬಂದಿದ್ದರು. ಒಳಗಿನಿಂದ ಭಾವ ಹಿಂಬಾಗಿಲು ಬಡಿಯುತ್ತಿದ್ದ. ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಪೆಟ್ಟಿಗೆ ಹಿಡಿದುಕೊಂಡು ಬರುವಾಗ ಕೈ ತಪ್ಪಿತೋ, ಹೊಗೆಯಲ್ಲಿ ಎಡವಿದನೋ, ಬಾಗಿಲ ಪಕ್ಕದ ಸಾಲು ಮೈಮೇಲೆ ಉರುಳಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ಅವನು ಚಿಲಕ ತೆಗೆದಿದ್ದ. ಮೇಷ್ಟ್ರು ಹೊರಗಿನಿಂದ ತಳ್ಳಿದರು, ಭುಜ ಕೊಟ್ಟು ತಳ್ಳಿದರು.

"ನಾಲ್ಕು ಬೆರಳಷ್ಟು ತೆರೀತಮ್ಮ," ಎಂದರು ಮೇಷ್ಟ್ರು. "ಅಷ್ಟೇ. ಆ ಸಂದೀಲಿ ಅವರ ಕೈ ಬಂತು. ನಾನು ಹಿಡ್ಕೊಂಡೆ. 'ಮೇಷ್ಟ್ರೇ, ನಿಧಾನಕ್ಕೆ ತಳ್ಳಿ, ಅವಸರ ಇಲ್ಲ' ಅಂದ್ರು. ಅವರ ಮಾತು ಹಾಗೇ ಅಲ್ವಾ. ನಾನು ಕೂಗ್ತಾನೇ ಇದ್ದೆ, ಜನ ಬಂದ್ರು, ಹಾರೆ ತಂದ್ರು. ಅಷ್ಟೊತ್ತಿಗೆ ಕೈ ಸಡಿಲ ಆಯ್ತು."

ಅವರು ತಮ್ಮ ಬಲಗೈಯನ್ನು ಮೊಣಕಾಲ ಮೇಲೆ ಮಗುಚಿ ನೋಡಿಕೊಂಡು ಕೂತರು. ಟೈಲರಮ್ಮನ ಮುಂದೆ ತೆರೆದಿದ್ದ ಪೆಟ್ಟಿಗೆಯಲ್ಲಿ ಲೈನಿಂಗ್ ಬಟ್ಟೆಯಿತ್ತು, ಹತ್ತು ಬಣ್ಣದ್ದು, ಹೊಗೆ ವಾಸನೆ ಬಿಟ್ಟರೆ ಹೊಸದರಂತೆ. ಮೇಷ್ಟ್ರು ಎದ್ದು ಹೋದಮೇಲೆ ಅವಳು ಹಿಂಬಾಗಿಲಿಗೆ ಹೋಗಿ ನಿಂತಳು. ಹಾರೆಯಿಂದ ಮೀಟಿದ ಗುರುತು ಚೌಕಟ್ಟಿನಲ್ಲಿ ಬಿಳಿಯಾಗಿ ಕಾಣುತ್ತಿತ್ತು. ಆಗ ಅವಳಿಗೆ ಅಳು ಬಂತು. ಬಂದದ್ದು ಸಾಯಂಕಾಲದ ತನಕ ನಿಲ್ಲಲಿಲ್ಲ.

ಮರುದಿನದಿಂದ ಒಂದೊಂದೇ ಪೆಟ್ಟಿಗೆ ಹೊರಗೆ ತಂದಳು. ಗುಜರಿಯವನು ಬಂದು, ಒಂದೆರಡು ತುಂಡು ಮೂಸಿ ನೋಡಿ, ಹೊಗೆ ವಾಸನೆ ಹೋಗಲ್ಲಮ್ಮ, ಯಾರೂ ಮುಟ್ಟಲ್ಲ ಎಂದ. ಯಂತ್ರಗಳನ್ನು ಮಾತ್ರ ಕಬ್ಬಿಣವೆಂದು ಎತ್ತಿಕೊಂಡು ಹೋದ. ಅನಾಥಾಲಯದವರು ನಯವಾಗಿ ಬೇಡವೆಂದರು. ಮಕ್ಕಳ ನಾಟಕಕ್ಕೆಂದು ಅಕ್ಕ ಅಂದೇ ಕೇಳಿದ್ದಾಗ ಕೊಟ್ಟಿದ್ದರೆ ಎಂಬ ಮಾತು ಅವಳ ತಲೆಯಲ್ಲಿ ಸೂಜಿಯಂತೆ ಒಳಹೊರಗೆ ಆಡುತ್ತಿತ್ತು. ಅವಳು ಪ್ರತಿ ಪೆಟ್ಟಿಗೆಯನ್ನೂ ತಳದ ತನಕ ನೋಡಿದಳು. ಒಂದೇ ಒಂದು ವಸ್ತು, ಇದನ್ನು ಇಟ್ಟದ್ದು ಸರಿಯಾಗಿತ್ತು ಎನ್ನುವಂಥದ್ದು, ಸಿಕ್ಕೀತೇ ಎಂದು. ಮೂವತ್ತೆಂಟರಲ್ಲಿ ಅಂಥದ್ದು ಒಂದೂ ಇರಲಿಲ್ಲ. 'ಇತರೆ' ಎಂದು ಬರೆದ ಒಂದರಲ್ಲಿ ಹಳೆಯ ರಸೀದಿಗಳು, ನೂಲು ಮುಗಿದ ಖಾಲಿ ರೀಲುಗಳು; ಇನ್ನೊಂದರಲ್ಲಿ ಬರೀ ಮಡಿಸಿದ ಪ್ಲಾಸ್ಟಿಕ್ ಚೀಲಗಳು. ಚೀಲಗಳ ಪೆಟ್ಟಿಗೆ ಹಿತ್ತಿಲಿಗೆ ಎಸೆದವುಗಳಲ್ಲಿ ಸಿಕ್ಕಿದ್ದು. ಎಂದರೆ ಬಾಗಿಲಿಗೆ ಅಡ್ಡ ಬಿದ್ದವುಗಳಲ್ಲಿ ಅದೂ ಒಂದು.

ಕೊನೆಗೆ ಪೌರಕಾರ್ಮಿಕರ ಕಸದ ಗಾಡಿಗೆ ಹೇಳಿದಳು. ಅವರು ಮೂರು ದಿನ, ದಿನಕ್ಕೊಂದು ಸಲ ಬಂದು ಒಯ್ದರು. ಹೊರುವವರಲ್ಲೊಬ್ಬಳು ಹಸಿರು ಕೋಟು ನೋಡಿ, ಚೆನ್ನಾಗಿದೆಯಲ್ಲ, ನಾನಿಟ್ಟುಕೊಳ್ಳಲೇ ಎಂದು ಕೇಳಿದಳು. ಇಟ್ಕೋ ಎಂದಳು ಟೈಲರಮ್ಮ. ಆಮೇಲೆ ಅವಳು ಕರಕಲು ಮನೆಯನ್ನು ಗುಡಿಸಿದಳು. ಕೆಡವುವ ಮನೆಯನ್ನು ಗುಡಿಸುವುದು ಹುಚ್ಚು ಎಂದು ಗೊತ್ತಿದ್ದೂ ಗುಡಿಸಿದಳು.

ಹೊರಡುವ ದಿನ ಕೀಲಿಕೈ ಕೊಡಲು ಅಕ್ಕನ ಕೋಣೆಗೆ ಹೋದಳು. ಬಾಗಿಲಲ್ಲೇ ಕೊಟ್ಟು ಹೋಗೋಣವೆಂದಿದ್ದಳು. ಅಕ್ಕ ಅವಳ ಮುಖ ನೋಡಿ, ಊಟ ಮಾಡಿಲ್ಲ ನೀನು ಎಂದು ಒಳಗೆ ಕರೆದಳು. ಇದ್ದದ್ದು ಒಂದೇ ತಟ್ಟೆ. ತಂಗಿಗೆ ತಟ್ಟೆಯಲ್ಲಿ ಬಡಿಸಿ ತಾನು ಪಾತ್ರೆಯಲ್ಲೇ ಉಂಡಳು.

"ಅವರು ಆ ಪೆಟ್ಟಿಗೆಗಳಿಗೆ ನಾದಿನಿಯವರು ಅಂತಿದ್ರು," ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಬಚ್ಚಲಿಗೆ ಹೋಗೋವಾಗೆಲ್ಲ, 'ನಾದಿನಿಯವರೇ, ಸ್ವಲ್ಪ ದಾರಿ ಬಿಡಿ' ಅನ್ನೋರು. ದಿನಕ್ಕೆ ಐದು ಸಲ. ನಂಗೆ ಕೇಳಿ ಕೇಳಿ ಸಾಕಾಗಿತ್ತು."

ಟೈಲರಮ್ಮ ತುತ್ತನ್ನು ತಟ್ಟೆಗೆ ಬಿಟ್ಟಳು.

"ಅಕ್ಕ, ಅವತ್ತು ಫೋನಲ್ಲಿ ನಾನು—"

"ಗೊತ್ತು. ನೀನು ಬೇಡ ಅಂದೆ. ನಾನು ಸುಮ್ನಾದೆ. ನಾನು ಸುಮ್ನಾಗಬಾರದಿತ್ತು. ಎತ್ತಿ ಬೀದಿಗೆ ಹಾಕಿದ್ರೆ ನೀನೇನು ಅಲ್ಲಿಂದ ಹಾರಿ ಬರ್ತಿದ್ಯಾ? ಹಾಕಲಿಲ್ಲ. ತಂಗಿಗೆ ಬೇಜಾರಾಗತ್ತೆ ಅಂತ." ಅಕ್ಕ ಪಾತ್ರೆಯ ತಳವನ್ನು ಕೆರೆದಳು. "ತಪ್ಪೆಲ್ಲ ನಿನ್ನ ಮೇಲೆ ಹಾಕಿದ್ರೆ ನಂಗೆ ಹಗುರ ಆಗ್ತಿತ್ತು. ಹಾಕಿ ನೋಡ್ದೆ. ಆಗಲಿಲ್ಲ."

"ಕ್ಷಮಿಸು ಅಂತ ಕೇಳೋಕೂ ನಂಗೆ ಬಾಯಿಲ್ಲ."

"ಕೇಳಬೇಡ. ಕೇಳಿದ್ರೆ ಏನಾದ್ರೂ ಹೇಳಬೇಕಾಗತ್ತೆ."

ಉಂಡಾದ ಮೇಲೆ ಅಕ್ಕ ತಟ್ಟೆ ತೊಳೆದಿಟ್ಟಳು. ಅವಳ ಕೋಣೆಯಲ್ಲಿ ಒಂದು ಚಾಪೆ, ಎರಡು ಪಾತ್ರೆ, ಶಾಲೆಗೆ ಹಾಕುವ ಎರಡು ಜೊತೆ ಬಟ್ಟೆ, ಗಂಡನ ಒಂದು ಫೋಟೋ ಬಿಟ್ಟರೆ ಏನೂ ಇರಲಿಲ್ಲ. ಫೋಟೋ ಮೇಷ್ಟ್ರ ಮನೆಯಲ್ಲಿ ಹಿಂದೆಂದೋ ತೆಗೆದದ್ದು. ಅವಳ ಹತ್ತಿರ ಇದ್ದವೆಲ್ಲ ಹಜಾರದಲ್ಲಿ ಸುಟ್ಟುಹೋಗಿದ್ದವು. ಅದನ್ನು ನೋಡಿದಾಗ ಟೈಲರಮ್ಮನಿಗೆ ಮೊದಲ ಸಲ ಹೊಳೆಯಿತು: ತನ್ನ ಪ್ಲಾಸ್ಟಿಕ್ ಚೀಲಗಳು ಉಳಿದಿದ್ದವು, ಅಕ್ಕನ ಬದುಕಿನದ್ದು ಒಂದೂ ಉಳಿದಿರಲಿಲ್ಲ.

ಮೆಟ್ಟಿಲ ತನಕ ಅಕ್ಕ ಬಂದಳು. ನಾಲ್ಕು ವರ್ಷ ಮುಗಿದ ಮೇಲೆ ಎಲ್ಲಿಗೆ ಬರುತ್ತೀಯ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಟೈಲರಮ್ಮ.

"ಇಲ್ಲಿಗೆ ಬರಬೇಡ ಅಂತ ನಾನು ಹೇಳಲ್ಲ. ಆದ್ರೆ ಬಾ ಅಂತ ಹೇಳೋಕೆ ಈಗ ಆಗಲ್ಲ. ಹೋಗಿ ಬಾ ಅಂತಾನೂ ಬಾಯಲ್ಲಿ ಬರ್ತಿಲ್ಲ. ಹುಷಾರಾಗಿರು."

ಟೈಲರಮ್ಮ ತಿರುಗಿ ಹೋಗಿ ಮೇಜಿನ ಮುಂದೆ ಕೂತಳು. ಈ ಸಲ ಕೈ ಅದರ ಪಾಡಿಗೆ ಅದು ಕೆಲಸ ಮಾಡಲಿಲ್ಲ. ಮೊದಲ ದಿನವೇ ರೇಷ್ಮೆಯ ಮೇಲೆ ಬೆರಳು ಚುಚ್ಚಿ ರಕ್ತದ ಚುಕ್ಕೆಯಾಯಿತು. ಇಡೀ ಅಂಚು ಬಿಚ್ಚಿ ಬೇರೆ ಹಾಕಬೇಕಾಯಿತು. ಮೇಲ್ವಿಚಾರಕಿ ಅವಳನ್ನು ಎರಡು ತಿಂಗಳು ಗುಂಡಿ ಹಚ್ಚುವ ಮೇಜಿಗೆ ಕೂರಿಸಿದಳು. ಅವಳು ಬೇಸರಪಡಲಿಲ್ಲ. ಭಾನುವಾರ ಫೋನು ಮಾಡುತ್ತಿದ್ದಳು, ಅಕ್ಕ ಎತ್ತುತ್ತಿದ್ದಳು. ಹೂಂ, ಚೆನ್ನಾಗಿದ್ದೀನಿ, ನೀನು, ಸರಿ. ಅಷ್ಟಕ್ಕೆ ಮುಗಿಯುತ್ತಿತ್ತು. ಒಂದು ವರ್ಷ ಹಾಗೆ ನಡೆಯಿತು. ಎರಡನೆಯ ವರ್ಷದ ರಜೆ ಬಂದಾಗ ಅವಳು ಊರಿಗೆ ಹೋಗಲಿಲ್ಲ. ಅಕ್ಕನೂ ಯಾಕೆಂದು ಕೇಳಲಿಲ್ಲ.

ಅದೇ ವರ್ಷದ ಕೊನೆಗೆ, ಭಾನುವಾರವೇ ಅಲ್ಲದ ಒಂದು ದಿನ, ಅಕ್ಕನೇ ಫೋನು ಮಾಡಿದಳು. ಭಾವ ಸತ್ತಮೇಲೆ ಅವಳಾಗಿ ಮಾಡಿದ್ದು ಅದೇ ಮೊದಲು. ಟೈಲರಮ್ಮ ಸೂಜಿ ಕೆಳಗಿಟ್ಟು, ಮೇಲ್ವಿಚಾರಕಿಯ ಮುಖ ನೋಡಿ, ಹೊರಗೆ ಓಡಿ ಎತ್ತಿದಳು. ಏನಾಯ್ತಕ್ಕ ಎಂದಳು. ಏನಿಲ್ಲ ಎಂದಳು ಅಕ್ಕ. ಸ್ವಲ್ಪ ಜ್ವರ, ಶಾಲೆಗೆ ಹೋಗಿಲ್ಲ, ಒಬ್ಬಳೇ ಮಲಗಿದ್ದೇನೆ, ಕಿಟಕಿಯಾಚೆ ಯಾರೋ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾರೆ ಎಂದಳು. ಔಷಧಿ ತಗೊಂಡ್ಯಾ ಎಂದು ಕೇಳಿದರೆ ತಗೊಂಡೆ ಎಂದಳು. ಮೇಷ್ಟ್ರ ಹೆಂಡತಿ ಗಂಜಿ ಕಳಿಸಿದ್ದರು, ಉಪ್ಪು ಜಾಸ್ತಿ ಎಂದಳು. ಆಮೇಲೆ ಹೇಳುವುದೇನೂ ಉಳಿಯದಿದ್ದರೂ ಇಬ್ಬರೂ ಫೋನು ಇಡಲಿಲ್ಲ. ಆ ಕಡೆಯಿಂದ ಅಕ್ಕ ಕೆಮ್ಮುವುದು, ಹೊರಳುವುದು, ಎಲ್ಲೋ ಬಕೆಟ್ಟು ಇಟ್ಟ ಸದ್ದು ಕೇಳುತ್ತಿತ್ತು. ಒಳಗಿನಿಂದ ಮೇಲ್ವಿಚಾರಕಿ ಎರಡು ಸಲ ಕರೆದಳು. ಟೈಲರಮ್ಮ ಫೋನು ಕಿವಿಗೊತ್ತಿಕೊಂಡೇ ಮೆಟ್ಟಿಲ ಮೇಲೆ ಕೂತಳು.